ಷಾ ಹೇಗೆ ಷೇವಿಯನ್ ಆದರು: ಮನೆತನದ ಹೆಸರಿನಿಂದ ಹುಟ್ಟಿದ ಇಂಗ್ಲಿಷ್ ಗುಣವಾಚಕದ ಬೇರು ಹುಡುಕುವ ಕ್ರಮ

ಅನುವಾದದ ಕೆಲಸಕ್ಕೆ ಕೈಹಾಕಿದ ಹೊಸತರಲ್ಲಿ ಒಂದು ಇಂಗ್ಲಿಷ್ ಪ್ರಬಂಧದಲ್ಲಿ 'ಷೇವಿಯನ್ ವಿಟ್' ಎಂಬ ಮಾತು ನನಗೆ ಎದುರಾಯಿತು. ಹಿಂದೆಮುಂದೆ ನೋಡದೆ 'ಕ್ಷೌರದ ಕತ್ತಿಯಂತೆ ಹರಿತವಾದ ಹಾಸ್ಯ' ಎಂದು ಬರೆದುಬಿಟ್ಟೆ. ಕ್ಷೌರಕ್ಕೆ ಇಂಗ್ಲಿಷಿನಲ್ಲಿರುವ 'ಷೇವ್' ಎಂಬ ಪದ ಆ ಗುಣವಾಚಕದೊಳಗೆ ಅಕ್ಷರಕ್ಕಕ್ಷರ ಕೂತಿರುವಂತೆ ಕಾಣುತ್ತಿದ್ದುದರಿಂದ ಸಂಶಯಪಡಲು ಕಾರಣವೇ ತೋರಲಿಲ್ಲ. ಕರಡು ತಿದ್ದುತ್ತಿದ್ದ ಹಿರಿಯರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ 'ಯಾರ ಗಡ್ಡ?' ಎಂದಷ್ಟೇ ಬರೆದು ಹಾಳೆಯನ್ನು ಹಿಂದಕ್ಕೆ ಕಳಿಸಿದರು. ಆ ಪದ ಸೇರಿದ್ದು ಜಾರ್ಜ್ ಬರ್ನಾರ್ಡ್ ಷಾ ಅವರಿಗೆ. ಅವರಾದರೋ 1881ರಲ್ಲಿ ಸಿಡುಬು ಬಂದುಹೋದ ಮೇಲೆ ಬಿಟ್ಟ ಗಡ್ಡವನ್ನು ಕೊನೆಯವರೆಗೂ ಉಳಿಸಿಕೊಂಡವರು.

ಆ ತಪ್ಪಿನ ನಂತರ, ಮನೆತನದ ಹೆಸರಿನಿಂದ ಹುಟ್ಟಿದ ಯಾವುದೇ ಇಂಗ್ಲಿಷ್ ಗುಣವಾಚಕ ಕಂಡರೂ ಅದರ ವ್ಯುತ್ಪತ್ತಿಯನ್ನು ಒಂದು ಕ್ರಮದಲ್ಲಿ ಹುಡುಕುವ ಅಭ್ಯಾಸ ಮಾಡಿಕೊಂಡೆ. ಭಾಷಾಂತರಕಾರರು, ಇಂಗ್ಲಿಷ್ ಪಾಠ ಹೇಳುವವರು, ಪದಗಳ ಹಿಂದೆ ಬೀಳುವ ಚಟವಿರುವವರು ಬಳಸಬಹುದಾದ ಆ ಕ್ರಮವನ್ನು ಇಲ್ಲಿ ಷೇವಿಯನ್ ಎಂಬ ಒಂದೇ ಪದವನ್ನು ಮುಂದಿಟ್ಟುಕೊಂಡು ವಿವರಿಸಿದ್ದೇನೆ. ಇಂಥ ಪದದ ಚರಿತ್ರೆ ಅದರ ತಲೆಯಲ್ಲಿಯೂ ಇರುವುದಿಲ್ಲ, ಬಾಲದಲ್ಲಿಯೂ ಇರುವುದಿಲ್ಲ. ಹೆಸರೂ ಪ್ರತ್ಯಯವೂ ಕೂಡುವ ಸಂದಿನಲ್ಲಿ ಇರುತ್ತದೆ. ಹುಡುಕಾಟದ ಹೆಚ್ಚಿನ ಶ್ರಮವನ್ನು ಅಲ್ಲಿಯೇ ವ್ಯಯಿಸಬೇಕು.

ಮೊದಲ ಹೆಜ್ಜೆ: ಯಾರ ಹೆಸರು, ಹೆಸರಿನ ಯಾವ ಭಾಗ

ಇಂಗ್ಲಿಷಿನಲ್ಲಿ ಹೆಸರಿನಿಂದ ಬಂದ ಗುಣವಾಚಕ ಸಾಮಾನ್ಯವಾಗಿ ದೊಡ್ಡಕ್ಷರದಿಂದ ಆರಂಭವಾಗುತ್ತದೆ. ವಾಕ್ಯದ ನಡುವೆ ದೊಡ್ಡಕ್ಷರ ಕಂಡರೆ ಅದೇ ಮೊದಲ ಸುಳಿವು. ಆದರೆ ಬಹುಕಾಲ ಬಳಕೆಯಲ್ಲಿ ಸವೆದ ಪದಗಳು ಈ ಗುರುತನ್ನು ಕಳಚಿಕೊಂಡಿರುತ್ತವೆ. ಲುಯಿಜಿ ಗಾಲ್ವಾನಿ (1737–1798) ಅವರಿಂದ ಬಂದ ಗಾಲ್ವಾನಿಕ್, ಫ್ರಾಂಟ್ಸ್ ಮೆಸ್ಮರ್ (1734–1815) ಅವರಿಂದ ಬಂದ ಮೆಸ್ಮೆರಿಕ್ ಎಂಬ ಪದಗಳನ್ನು ಸಣ್ಣಕ್ಷರದಲ್ಲಿಯೇ ಬರೆಯುವುದರಿಂದ ಅವುಗಳೊಳಗೆ ಮನುಷ್ಯರಿದ್ದಾರೆಂಬುದು ಎಷ್ಟೋ ಓದುಗರಿಗೆ ಹೊಳೆಯುವುದೇ ಇಲ್ಲ.

ಹೆಸರೆಂದು ಗೊತ್ತಾದ ಮೇಲೆ ಅದು ಹೆಸರಿನ ಯಾವ ಭಾಗವೆಂದು ಕೇಳಿಕೊಳ್ಳಬೇಕು. ವಿಕ್ಟೋರಿಯನ್ ಎಂಬುದು ರಾಣಿಯ ಸ್ವಂತ ಹೆಸರಿನಿಂದ ಬಂದದ್ದು, ಮನೆತನದ ಹೆಸರಿನಿಂದಲ್ಲ. ಡ್ರೇಕೋನಿಯನ್ ಎಂಬುದು ಪ್ರಾಚೀನ ಅಥೆನ್ಸಿನ ಶಾಸನಕರ್ತ ಡ್ರೇಕೋನಿಂದ ಬಂದದ್ದು. ಅವನಿಗೆ ಇದ್ದದ್ದು ಅದೊಂದೇ ಹೆಸರು. ಆರ್ವೆಲಿಯನ್ ಇನ್ನೂ ಚೆನ್ನಾದ ಉದಾಹರಣೆ: ಆ ಲೇಖಕರ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್, ಆರ್ವೆಲ್ ಎಂಬುದು ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ನದಿಯ ಹೆಸರು. ಆರ್ವೆಲ್ ವಂಶಾವಳಿಯನ್ನು ಹುಡುಕುತ್ತ ಹೋದವರಿಗೆ ಬರೀ ನೀರು ಸಿಗುತ್ತದೆ. ಷೇವಿಯನ್ ವಿಷಯದಲ್ಲಿ ಈ ತೊಡಕಿಲ್ಲ. 1856ರ ಜುಲೈ 26ರಂದು ಡಬ್ಲಿನ್ನಿನಲ್ಲಿ ಹುಟ್ಟಿ 1950ರ ನವೆಂಬರ್ 2ರಂದು ಇಂಗ್ಲೆಂಡಿನ ಏಯಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ ತೀರಿಕೊಂಡ ನಾಟಕಕಾರ ಷಾ ಅವರ ಹುಟ್ಟಿನ ಮನೆತನದ ಹೆಸರೇ ಅದರ ಮೂಲ.

ಎರಡನೆಯ ಹೆಜ್ಜೆ: ಬಾಲವನ್ನು ಬೇರ್ಪಡಿಸುವುದು

ಮನೆತನದ ಹೆಸರಿಗೆ ಅಂಟುವ ಪ್ರತ್ಯಯಗಳು ಇಂಗ್ಲಿಷಿನಲ್ಲಿ ಹೆಚ್ಚಿಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು 'ಇಯನ್' (ಅದರ ಗಿಡ್ಡ ರೂಪ 'ಅನ್'). ಇದು ಲ್ಯಾಟಿನ್ನಿನ 'ಇಯಾನುಸ್' ಎಂಬುದರ ಸಂತಾನ. ಒಬ್ಬ ನಾಯಕನ ಹೆಸರಿಗೆ ಇದನ್ನು ಸೇರಿಸಿ ಅವನ ಕಡೆಯವರು ಎನ್ನುವುದು ರೋಮನ್ನರ ರೂಢಿಯಾಗಿತ್ತು. ಕ್ರಿಶ್ಚಿಯನ್ ಎಂಬ ಪದವೂ ಈ ಅಚ್ಚಿನಲ್ಲಿ ಎರೆದದ್ದೇ. 'ಎಸ್ಕ್' ಎಂಬುದು ಇಟಾಲಿಯನ್ ಮೂಲಕ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಲೇಖಕ ಕಾಫ್ಕಾ ಅವರಿಂದ ಬಂದ ಕಾಫ್ಕಾಎಸ್ಕ್ ಎಂಬಲ್ಲಿ ಇರುವುದು ಇದೇ. ಗ್ರೀಕ್ ಮೂಲದ 'ಇಕ್' ವಿಜ್ಞಾನದ ಪದಗಳಲ್ಲಿ ಹೆಚ್ಚು. ಬಾಲದ ಬಗ್ಗೆ ಇಷ್ಟು ತಿಳಿದರೆ ಸಾಕು, ಏಕೆಂದರೆ ಅದು ಎಲ್ಲರಿಗೂ ಸಿಗುವ ಸಿದ್ಧ ಸರಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂಗ್ಲಿಷ್ ಎಲ್ಲ ಮನೆತನದ ಹೆಸರುಗಳಿಗೂ ಬಾಲ ಅಂಟಿಸುವುದಿಲ್ಲ. ಸರ್ ಸಿ. ವಿ. ರಾಮನ್ ಅವರ ಹೆಸರಿನ ಪರಿಣಾಮವನ್ನು ಅದು 'ರಾಮನ್ ಎಫೆಕ್ಟ್' ಎಂದು ಹೆಸರನ್ನು ಹಾಗೆಯೇ ಮುಂದಿಟ್ಟು ಹೇಳುತ್ತದೆಯೇ ಹೊರತು ಅದರಿಂದ ಗುಣವಾಚಕವನ್ನು ಕಟ್ಟಿಲ್ಲ. ಬಾಲವಿಲ್ಲದ ಕಡೆ ಸಂದೂ ಇಲ್ಲ, ಹುಡುಕಾಟವೂ ಇಲ್ಲ.

ಮೂರನೆಯ ಹೆಜ್ಜೆ: ಸಂದನ್ನು ನೋಡುವುದು

ಈಗ ಒಂದು ಹಾಳೆ ತೆಗೆದುಕೊಂಡು, ಮೇಲಿನ ಸಾಲಿನಲ್ಲಿ ಹೆಸರನ್ನೂ ಕೆಳಗಿನ ಸಾಲಿನಲ್ಲಿ ಬಾಲ ಕಳೆದ ಗುಣವಾಚಕವನ್ನೂ ಅಕ್ಷರದ ಕೆಳಗೆ ಅಕ್ಷರ ಬರುವಂತೆ ಬರೆಯಿರಿ. ಡಿಕನ್ಸ್ ಮತ್ತು ಡಿಕೆನ್ಸಿಯನ್ ಎಂಬ ಜೋಡಿಯಲ್ಲಿ ಎರಡೂ ಸಾಲುಗಳು ಒಂದೇ ಆಗಿರುತ್ತವೆ. ಕೀನ್ಸ್ ಮತ್ತು ಕೀನ್ಸಿಯನ್ ಎಂಬಲ್ಲಿಯೂ ಹಾಗೆಯೇ. ಅಂಥ ಪದಗಳ ರೂಪದಲ್ಲಿ ಬಿಡಿಸಬೇಕಾದ ಒಗಟೇನೂ ಇಲ್ಲ, ನೇರವಾಗಿ ಕಾಲ ಮತ್ತು ಅರ್ಥದ ಹುಡುಕಾಟಕ್ಕೆ ಹೋಗಬಹುದು.

ಷಾ ಮತ್ತು ಷೇವಿಯನ್ ಎಂಬ ಜೋಡಿ ಹಾಗಲ್ಲ. ಮೇಲಿನ ಸಾಲಿನಲ್ಲಿ ಎಸ್, ಎಚ್, ಎ, ಡಬ್ಲ್ಯೂ. ಕೆಳಗಿನ ಸಾಲಿನಲ್ಲಿ ಎಸ್, ಎಚ್, ಎ, ವಿ. ಮೂರು ಅಕ್ಷರ ಹೊಂದಿಕೊಂಡು ನಾಲ್ಕನೆಯದು ಬದಲಾಗಿದೆ. ಡಬ್ಲ್ಯೂ ಇದ್ದ ಜಾಗಕ್ಕೆ ವಿ ಹೇಗೆ ಬಂತೆಂಬುದೇ ಈ ಪದದ ಇಡೀ ಚರಿತ್ರೆ. ಹೆಸರಿಗೆ ನೇರವಾಗಿ ಬಾಲ ಅಂಟಿಸಿದ 'ಷಾಇಯನ್' ಎಂಬ ರೂಪವನ್ನೂ ಕೆಲವರು ಬಳಸಿದ್ದುಂಟು, ಆದರೆ ಅದು ನಿಲ್ಲಲಿಲ್ಲ. ಬಾಯಲ್ಲಿ ಹೇಳಿ ನೋಡಿದರೆ ಏಕೆಂದು ತಿಳಿಯುತ್ತದೆ: ಎರಡು ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಲಿಗೆ ಎಡವುತ್ತದೆ.

ಕೆಲವು ಪದಗಳಲ್ಲಿ ಸಂದಿನ ಬದಲು ತಲೆಯೇ ಹಾರಿಹೋಗಿರುತ್ತದೆ. ಫ್ರೆಂಚ್ ತತ್ವಜ್ಞಾನಿ ರೆನೆ ದೆಕಾರ್ತ್ (1596–1650) ಅವರ ಹೆಸರಿನಿಂದ ಬಂದದ್ದು ಕಾರ್ಟೀಸಿಯನ್. ಗಣಿತದ ತರಗತಿಯಲ್ಲಿ ಕಾರ್ಟೀಸಿಯನ್ ನಿರ್ದೇಶಾಂಕಗಳನ್ನು ಕಲಿತ ನಮ್ಮಲ್ಲಿ ಎಷ್ಟು ಮಂದಿಗೆ ಆ ಪದದೊಳಗೆ ದೆಕಾರ್ತ್ ಕಂಡಿರಬಹುದು? ಅವರು ಲ್ಯಾಟಿನ್ನಿನಲ್ಲಿ ಬರೆಯುವಾಗ ಹೆಸರಿನ ಮೊದಲಲ್ಲಿದ್ದ 'ದೆ' ಎಂಬ ಫ್ರೆಂಚ್ ತುಣುಕು ಉದುರಿ, ಉಳಿದ ಭಾಗ ಕಾರ್ಟೀಸಿಯುಸ್ ಎಂದಾಯಿತು. ಗುಣವಾಚಕ ಹುಟ್ಟಿದ್ದು ಆ ಲ್ಯಾಟಿನ್ ಹೆಸರಿನಿಂದ. ಹೀಗಾಗಿ ಸಂದಿನಲ್ಲೋ ತಲೆಯಲ್ಲೋ ಅಕ್ಷರ ವ್ಯತ್ಯಾಸವಾಗಿದ್ದರೆ, ಹೆಸರಿಗೂ ಗುಣವಾಚಕಕ್ಕೂ ನಡುವೆ ಕಾಣದ ಒಂದು ಲ್ಯಾಟಿನ್ ಮೆಟ್ಟಿಲು ಇದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ನಾಲ್ಕನೆಯ ಹೆಜ್ಜೆ: ಲ್ಯಾಟಿನ್ ಮೆಟ್ಟಿಲನ್ನು ಹತ್ತಿ ನೋಡುವುದು

ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ತಮ್ಮ ಹೆಸರುಗಳಿಗೆ ಲ್ಯಾಟಿನ್ ಅಂಗಿ ತೊಡಿಸುತ್ತಿದ್ದರು. ಹೆಸರಿನ ಕೊನೆಗೆ 'ಉಸ್' ಅಥವಾ 'ಇಯುಸ್' ಸೇರಿಸುವುದು ಅದರ ಸರಳ ವಿಧಾನ. ಷಾ ಎಂಬ ಹೆಸರಿಗೆ ಈ ಅಂಗಿ ತೊಡಿಸಿದರೆ ಷೇವಿಯುಸ್ ಎಂದಾಗುತ್ತದೆ. ಪ್ರಾಚೀನ ಲ್ಯಾಟಿನ್ ಅಕ್ಷರಮಾಲೆಯಲ್ಲಿ ಡಬ್ಲ್ಯೂ ಎಂಬ ಅಕ್ಷರವೇ ಇರಲಿಲ್ಲ. ಇಂದು ನಾವು ವಿ ಎಂದು ಕರೆಯುವ ಗುರುತನ್ನೇ ರೋಮನ್ನರು ಉಕಾರಕ್ಕೂ ವಕಾರಕ್ಕೂ ಬಳಸುತ್ತಿದ್ದರು. ಆದ್ದರಿಂದ ಶಿಷ್ಟ ಲ್ಯಾಟಿನ್ ಬರೆಯಬೇಕೆಂದವರು ಡಬ್ಲ್ಯೂ ಕಂಡಲ್ಲಿ ವಿ ಇಡುತ್ತಿದ್ದರು. ಷೇವಿಯುಸ್ ಎಂಬುದರ ಬಾಲ ಕಳೆದು ಇಂಗ್ಲಿಷಿನ 'ಇಯನ್' ಸೇರಿಸಿದರೆ ಷೇವಿಯನ್.

ಒಂದು ಉದಾಹರಣೆಯಿಂದ ನಿಯಮ ಸಾಬೀತಾಗುವುದಿಲ್ಲ. ಅದೇ ಬದಲಾವಣೆ ಬೇರೆ ಕಡೆಯೂ ಆಗಿದೆಯೇ ಎಂದು ಹುಡುಕಲೇಬೇಕು, ಮತ್ತು ಈ ಪದದ ವಿಷಯದಲ್ಲಿ ಸಾಕ್ಷಿಗಳು ಧಾರಾಳವಾಗಿವೆ. ಲಂಡನ್ನಿನ ಹ್ಯಾರೋ ಶಾಲೆಯಲ್ಲಿ ಓದಿದವರು ಹ್ಯಾರೋವಿಯನ್ನರು. ಪೋಲೆಂಡಿನ ರಾಜಧಾನಿ ವಾರ್ಸಾ ಲ್ಯಾಟಿನ್ನಿನಲ್ಲಿ ವಾರ್ಸೋವಿಯಾ, ಅಲ್ಲಿನವರು ವಾರ್ಸೋವಿಯನ್ನರು. ನಾಟಕಕಾರ ಮಾರ್ಲೋ ಅವರಿಂದ ಮಾರ್ಲೋವಿಯನ್ ಬಂದಿದೆ. ಭೂವಿಜ್ಞಾನ ಓದಿದವರಿಗೆ ಪರಿಚಿತವಾದ ಬ್ಯಾರೋವಿಯನ್ ರೂಪಾಂತರ ಎಂಬ ಪದವನ್ನೂ ಇಲ್ಲಿಯೇ ಇಡಬೇಕು: ಸ್ಕಾಟ್ಲೆಂಡಿನ ಬೆಟ್ಟನಾಡಿನ ಕಲ್ಲುಗಳಲ್ಲಿ ಶಾಖ ಮತ್ತು ಒತ್ತಡ ಏರಿದಂತೆ ಬೇರೆ ಬೇರೆ ಖನಿಜಗಳು ಪಟ್ಟಿಪಟ್ಟಿಯಾಗಿ ಕಾಣಿಸಿಕೊಳ್ಳುವುದನ್ನು 1893ರಲ್ಲಿ ವಿವರಿಸಿದವರು ಜಾರ್ಜ್ ಬ್ಯಾರೋ. ಹ್ಯಾರೋ, ವಾರ್ಸಾ, ಮಾರ್ಲೋ, ಬ್ಯಾರೋ ಈ ನಾಲ್ಕರಲ್ಲಿಯೂ ಇಂಗ್ಲಿಷ್ ಬರವಣಿಗೆಯ ಕೊನೆಯ ಭಾಗದಲ್ಲಿ ಡಬ್ಲ್ಯೂ ಇದೆ, ನಾಲ್ಕರಲ್ಲಿಯೂ ಗುಣವಾಚಕಕ್ಕೆ ಬರುವಾಗ ವಿ ಆಗಿದೆ. ಇಷ್ಟಾದ ಮೇಲೆ ಷೇವಿಯನ್ ಒಂಟಿ ಪದವಲ್ಲವೆಂದು ಧೈರ್ಯವಾಗಿ ಹೇಳಬಹುದು.

ಕನ್ನಡದ ಕಿವಿಗೆ ಇದೇನೂ ವಿಚಿತ್ರವಾಗಿ ಕೇಳಬಾರದು. ಗುರು ಎಂಬುದಕ್ಕೆ 'ಅನ್ನು' ಸೇರಿದರೆ ನಡುವೆ ವಕಾರ ನುಸುಳಿ ಗುರುವನ್ನು ಎಂದಾಗುತ್ತದೆಂದು, ಅದರ ಹೆಸರು ವಕಾರಾಗಮ ಸಂಧಿಯೆಂದು ನಾವು ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ಸಂಸ್ಕೃತದ ತದ್ಧಿತಾಂತಗಳನ್ನು ನೋಡಬೇಕು: ರಘುವಿನ ವಂಶದವನು ರಾಘವ, ಯದುವಿನ ವಂಶದವನು ಯಾದವ, ಕುರುವಿನ ವಂಶದವನು ಕೌರವ. ಅಲ್ಲಿಯೂ ಹೆಸರಿನ ಕೊನೆಯ ಉಕಾರ ಪ್ರತ್ಯಯದ ಮುಂದೆ ವಕಾರವಾಗಿ ತಿರುಗಿದೆ; ಹೆಸರಿನ ಮೊದಲ ಸ್ವರವೂ ಹಿಗ್ಗಿದೆ. ಇಂಗ್ಲಿಷಿನದು ಲ್ಯಾಟಿನ್ ಬರವಣಿಗೆಯ ದಾರಿ, ನಮ್ಮದು ಸಂಧಿಯ ದಾರಿ, ಎರಡೂ ಒಂದೇ ಎನ್ನುವಂತಿಲ್ಲ. ಆದರೂ ಉಕಾರ ಮತ್ತು ವಕಾರಗಳು ತುಟಿಯಲ್ಲಿ ಹುಟ್ಟುವ ನೆರೆಹೊರೆಯವೆಂಬ ಮೂಲ ಸಂಗತಿ ಎರಡು ಕಡೆಯೂ ಒಂದೇ.

ಇದು ಅರ್ಥವಾದರೆ ನಮ್ಮ ದಿನಪತ್ರಿಕೆಗಳ ಮೂಲಕ ಚಿರಪರಿಚಿತವಾದ ನೆಹರೂವಿಯನ್ ಎಂಬ ಪದವೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೆಹರೂ ಎಂಬ ಹೆಸರಿನಲ್ಲಿ ಡಬ್ಲ್ಯೂ ಇಲ್ಲ, ಅದಕ್ಕೆ ಯಾರೂ ಲ್ಯಾಟಿನ್ ಅಂಗಿ ತೊಡಿಸಲಿಲ್ಲ. ಆದರೆ ಪೆರು ದೇಶದಿಂದ, ಅದರ ಪೆರೂವಿಯಾ ಎಂಬ ಲ್ಯಾಟಿನ್ ರೂಪದ ಮೂಲಕ, ಪೆರೂವಿಯನ್ ಎಂಬ ಪದ ಬಂದು ಆಗಲೇ ಬಳಕೆಯಲ್ಲಿತ್ತು. ಉಕಾರದಲ್ಲಿ ಮುಗಿಯುವ ಹೆಸರಿಗೆ ಅದೇ ಅಚ್ಚು ಒಗ್ಗಿತು. ಅಮೆರಿಕದ ಲೇಖಕ ಥೋರೋ (1817–1862) ಅವರಿಂದ ಥೋರೋವಿಯನ್ ಆದದ್ದೂ ಹೀಗೆಯೇ. ಆ ಹೆಸರಿನ ಫ್ರೆಂಚ್ ಬರವಣಿಗೆಯ ಕೊನೆಯಲ್ಲಿ ಯು ಅಕ್ಷರವಿದೆ, ಡಬ್ಲ್ಯೂ ಇಲ್ಲ. ಒಂದು ಕಾಲದಲ್ಲಿ ಲ್ಯಾಟಿನ್ ಪಂಡಿತರ ನಿಯಮವಾಗಿದ್ದದ್ದು ಮುಂದೆ ಕಿವಿಯ ಅಭ್ಯಾಸವಾಗಿ ಉಳಿದುಕೊಂಡಿತು.

ವಕಾರ ಕಂಡಲ್ಲೆಲ್ಲ ಲ್ಯಾಟಿನ್ ಎಂದು ಕೂಗಿಬಿಡಬಾರದು. ನಾಯಿಗಳ ಜೊಲ್ಲಿನ ಪ್ರಯೋಗದಿಂದ ಹೆಸರಾಗಿ, 1904ರಲ್ಲಿ ಜೀರ್ಣಕ್ರಿಯೆಯ ಸಂಶೋಧನೆಗೆ ನೊಬೆಲ್ ಪಡೆದ ಇವಾನ್ ಪಾವ್ಲೋವ್ ಅವರಿಂದ ಪಾವ್ಲೋವಿಯನ್ ಬಂದಿದೆ. ಅಲ್ಲಿರುವ ವಕಾರ ರಷ್ಯನ್ ಹೆಸರಿನಲ್ಲಿಯೇ ಇದ್ದದ್ದು. ಎರಡು ಸಾಲು ಬರೆದು ನೋಡುವ ಮೂರನೆಯ ಹೆಜ್ಜೆಯನ್ನು ಬಿಟ್ಟು ಮುಂದೆ ಹಾರಿದವರು ಇಲ್ಲಿ ಮುಗ್ಗರಿಸುತ್ತಾರೆ.

ಉಚ್ಚಾರಣೆಯ ಪ್ರಶ್ನೆ ಇನ್ನೂ ಉಳಿದಿದೆ. ಹೆಸರು ಷಾ, ಗುಣವಾಚಕ ಷಾವಿಯನ್ ಆಗದೆ ಷೇವಿಯನ್ ಏಕಾಯಿತು? ಇಂಗ್ಲಿಷಿನಲ್ಲಿ ಒತ್ತು ಬಿದ್ದ ಎ ಅಕ್ಷರದ ಮುಂದೆ ಒಂದೇ ವ್ಯಂಜನ, ಅದರ ಮುಂದೆ 'ಇಯನ್' ಬಂದರೆ ಆ ಎ ಸಾಮಾನ್ಯವಾಗಿ ಏಕಾರದಂತೆ ಎಳೆದುಕೊಳ್ಳುತ್ತದೆ. ಕೆನಡಾ ಎಂಬುದು ಕೆನೇಡಿಯನ್ ಆಗುವುದು, ಅರಬ್ ಎಂಬುದು ಅರೇಬಿಯನ್ ಆಗುವುದು ಇದೇ ಕಾರಣಕ್ಕೆ. ಒತ್ತಿನ ವ್ಯವಸ್ಥೆ ನಮ್ಮ ಭಾಷೆಯಲ್ಲಿ ಇಲ್ಲದಿರುವುದರಿಂದ ಈ ಬದಲಾವಣೆ ನಮಗೆ ಮನಬಂದಂತೆ ಆದದ್ದೆನಿಸುತ್ತದೆ, ಆದರೆ ಅದಕ್ಕೂ ಲೆಕ್ಕಾಚಾರವಿದೆ.

ಐದನೆಯ ಹೆಜ್ಜೆ: ಕಥೆ ಸಿಕ್ಕರೆ ಅದನ್ನು ತೂಗುವುದು

ಹೆಸರಾಂತ ಪದಗಳ ಸುತ್ತ ಕಥೆಗಳು ಬೆಳೆಯುತ್ತವೆ, ಷೇವಿಯನ್ ಪದಕ್ಕೂ ಒಂದಿದೆ. ಕವಿ, ವಿನ್ಯಾಸಕಾರ ಮತ್ತು ಸಮಾಜವಾದಿಯಾಗಿದ್ದ ವಿಲಿಯಂ ಮಾರಿಸ್ (1834–1896) ಷಾ ಅವರ ಸ್ನೇಹಿತರಾಗಿದ್ದರು. ಹಳೆಯ ಹಸ್ತಪ್ರತಿಗಳೆಂದರೆ ಅವರಿಗೆ ಪ್ರಾಣ. ಮಧ್ಯಯುಗದ ಷಾ ಎಂಬೊಬ್ಬನ ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಓದುಗ 'ಸಿಕ್ ಷೇವಿಯುಸ್, ಸೆದ್ ಇನೆಪ್ತೆ' ಎಂದು ಗೀಚಿದ್ದನ್ನು ಮಾರಿಸ್ ಕಂಡರಂತೆ. 'ಷಾ ಹೀಗೆನ್ನುತ್ತಾನೆ, ಆದರೆ ಅಸಂಬದ್ಧವಾಗಿ' ಎಂದು ಅದರ ಅರ್ಥ. ತಮ್ಮ ಹೆಸರಿಗೆ ಒಂದು ಗುಣವಾಚಕ ಬೇಕಿದ್ದ ಬರ್ನಾರ್ಡ್ ಷಾ ಅವರಿಗೆ ಅದು ಹೀಗೆ ಸಿಕ್ಕಿತೆಂದು ಕಥೆ ಹೇಳುತ್ತದೆ.

ಕಥೆ ಸೊಗಸಾಗಿದೆ, ಮತ್ತು ಅಂಚಿನ ಟಿಪ್ಪಣಿಯಿಂದ ಪಾಠ ಕಲಿತವನಾದ್ದರಿಂದ ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವೂ ಇದೆ. ಆದರೂ ಅದನ್ನು ತೂಗಲೇಬೇಕು. ಈ ಕಥೆಯಿಲ್ಲದೆ ಪದ ಹುಟ್ಟಲು ಸಾಧ್ಯವಿತ್ತೇ ಎಂಬುದು ನಾನು ಕೇಳುವ ಮೊದಲ ಪ್ರಶ್ನೆ. ಇಲ್ಲಿ ಸಾಧ್ಯವಿತ್ತು: ಹ್ಯಾರೋವಿಯನ್ನಂಥ ಪದಗಳ ಅಚ್ಚು ಸಿದ್ಧವಾಗಿಯೇ ಇದ್ದುದರಿಂದ ಲ್ಯಾಟಿನ್ ಬಲ್ಲ ಯಾರಾದರೂ ಷೇವಿಯನ್ ಎಂದು ಕಟ್ಟಬಹುದಿತ್ತು. ಎರಡನೆಯದು, ಕಥೆ ವ್ಯಕ್ತಿಯ ಸ್ವಭಾವಕ್ಕೆ ಅತಿಯಾಗಿ ಹೊಂದುತ್ತದೆಯೇ ಎಂಬುದು. ತನ್ನನ್ನೇ ಹೀಗಳೆಯುವ ಸಾಲಿನಿಂದ ತನ್ನ ಗುಣವಾಚಕವನ್ನು ಪಡೆಯುವುದು ಷಾ ಅವರ ನಾಟಕಗಳ ಮಾತಿನ ಧಾಟಿಯೇ ಆಗಿದೆ, ಹಾಗಾಗಿ ನಾನು ಇನ್ನಷ್ಟು ಜಾಗರೂಕನಾಗುತ್ತೇನೆ. ಬರೆಯುವಾಗ ಇದನ್ನು 'ಎಂದು ಹೇಳುತ್ತಾರೆ' ಎಂಬ ಮಾತಿನ ಜೊತೆಗೇ ಕೊಡಬೇಕು. ಲ್ಯಾಟಿನ್ ರೂಪದ ವಿವರಣೆಯನ್ನು ಮಾತ್ರ ಖಚಿತವಾಗಿ ಕೊಡಬಹುದು.

ಆರನೆಯ ಹೆಜ್ಜೆ: ನಿಘಂಟಿನಲ್ಲಿ ಕಾಲವನ್ನು ಓದುವುದು

ಇಷ್ಟು ಊಹಿಸಿದ ಮೇಲೆ ನಿಘಂಟನ್ನು ತೆರೆಯಬೇಕು. ಮೊದಲೇ ತೆರೆದರೆ ಉತ್ತರ ಬೇಗ ಸಿಗುತ್ತದೆ, ಆದರೆ ಅದು ಏಕೆ ಸರಿಯೆಂದು ತಿಳಿಯುವುದಿಲ್ಲ. ಈ ಕೆಲಸಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾಟಿಯಿಲ್ಲ. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ 1857ರಲ್ಲಿ ಚರ್ಚೆ ಆರಂಭಿಸಿ, 1884ರಲ್ಲಿ ಮೊದಲ ಕಂತು ಹೊರಬಂದು, 1928ರಲ್ಲಿ ಮೊದಲ ಆವೃತ್ತಿ ಪೂರ್ತಿಯಾದ ಈ ನಿಘಂಟು ಪ್ರತಿಯೊಂದು ಅರ್ಥದ ಕೆಳಗೂ ಇಸವಿ ಸಹಿತ ಪ್ರಯೋಗಗಳನ್ನು ಕೊಡುತ್ತದೆ. ಅದರ ಅಂತರಜಾಲ ಆವೃತ್ತಿಗೆ ಚಂದಾ ಬೇಕು. ಅದು ಕೈಗೆ ಸಿಗದಿದ್ದರೆ ಮೆರಿಯಮ್-ವೆಬ್‌ಸ್ಟರ್ ನಿಘಂಟಿನ ಉಚಿತ ಪುಟವೂ ಹೆಚ್ಚಿನ ಪದಗಳಿಗೆ ಮೊದಲ ಬಳಕೆಯ ಇಸವಿಯನ್ನು ತಿಳಿಸುತ್ತದೆ.

ವ್ಯುತ್ಪತ್ತಿಯ ಭಾಗದಲ್ಲಿ ಗಣಿತದ 'ಗಿಂತ ಕಡಿಮೆ' ಚಿಹ್ನೆ ಕಂಡರೆ ಗಾಬರಿಯಾಗಬೇಡಿ. ಅದರ ಎಡಗಡೆಯ ಪದ ಬಲಗಡೆಯ ಪದದಿಂದ ಬಂದಿದೆಯೆಂದು ಅದರ ಅರ್ಥ. ಪದದ ಮುಂದೆ ನಕ್ಷತ್ರ ಚಿಹ್ನೆಯಿದ್ದರೆ ಆ ರೂಪ ಬರಹದಲ್ಲಿ ಎಲ್ಲಿಯೂ ಸಿಕ್ಕಿಲ್ಲ, ವಿದ್ವಾಂಸರು ತರ್ಕದಿಂದ ಕಟ್ಟಿಕೊಂಡದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಪ್ರಯೋಗದ ಇಸವಿ ಪದ ಹುಟ್ಟಿದ ಇಸವಿಯಲ್ಲ. ಸಂಪಾದಕರ ಕಣ್ಣಿಗೆ ಬಿದ್ದ ಅತಿ ಹಳೆಯ ಮುದ್ರಿತ ಬಳಕೆಯ ಇಸವಿ ಮಾತ್ರ. ಷೇವಿಯನ್ ಬಳಕೆಗೆ ನೆಲೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನಾಟಕಕಾರರಾಗಿ ಷಾ ಪ್ರಸಿದ್ಧಿಗೆ ಬಂದ ಕಾಲವೂ ಅದೇ. ಒಬ್ಬರ ಹೆಸರಿನ ಗುಣವಾಚಕ ಅವರು ಪ್ರಸಿದ್ಧರಾಗುವುದಕ್ಕೆ ಬಹಳ ಮುಂಚೆಯೇ ಬಳಕೆಯಲ್ಲಿದೆಯೆಂದು ಯಾವುದಾದರೂ ಮೂಲ ಹೇಳಿದರೆ, ಅದು ಬೇರೊಬ್ಬ ಷಾ ಆಗಿರಬಹುದೆಂದು ಅನುಮಾನಿಸಬೇಕು.

ಹಳೆಯ ಪತ್ರಿಕೆ, ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ತಾವೇ ಹುಡುಕುವವರು ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದುತ್ತದೆಂಬುದನ್ನು ನೆನಪಿಡಬೇಕು. ರೋಮಿನ ಬಯಲು ರಂಗಮಂದಿರಕ್ಕೆ ಹೆಸರು ಕೊಟ್ಟ ಫ್ಲೇವಿಯನ್ ಎಂಬ ಪದ ಮಸುಕಾದ ಮುದ್ರಣದಲ್ಲಿ ಷೇವಿಯನ್ ಆಗಿ ಹುಡುಕಾಟದಲ್ಲಿ ಸಿಕ್ಕಿಬೀಳುವುದು ಸುಲಭ. ಪಠ್ಯವನ್ನು ನಂಬದೆ ಪುಟದ ಚಿತ್ರವನ್ನು ತೆರೆದು ಕಣ್ಣಾರೆ ನೋಡಬೇಕು, ಮತ್ತು ಪುಸ್ತಕದ ಇಸವಿಯನ್ನು ಅದರ ಶೀರ್ಷಿಕೆ ಪುಟದಿಂದಲೇ ತೆಗೆದುಕೊಳ್ಳಬೇಕು.

ಮನೆತನದ ಹೆಸರಿನ ಬೇರು ಬೇರೆಯೇ ಮರ

ಇಲ್ಲಿಗೆ ಗುಣವಾಚಕದ ವ್ಯುತ್ಪತ್ತಿ ಮುಗಿಯಿತು. ಆದರೂ ಷಾ ಎಂದರೇನು ಎಂಬ ಕುತೂಹಲ ಹುಟ್ಟದೆ ಇರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಚಿಕ್ಕ ಕಾಡು, ಪೊದೆಗಾಡು ಎಂಬರ್ಥದ ಪದವೊಂದಿತ್ತು. ಷಾ ಎಂಬ ಇಂಗ್ಲಿಷ್ ಮನೆತನದ ಹೆಸರು ಅದರಿಂದ ಬಂದದ್ದು, ಬ್ರಾಡ್‌ಷಾ ಎಂಬಲ್ಲಿ ಕೊನೆಗೆ ಕೂತಿರುವುದೂ ಅದೇ. ಉತ್ತರ ಕರ್ನಾಟಕದಲ್ಲಿ ತೋಟದ, ಬಾವಿಕಟ್ಟಿ ಎಂಬ ಅಡ್ಡಹೆಸರುಗಳು ಮನೆಯಿದ್ದ ಜಾಗವನ್ನು ಹೇಳುವಂತೆ, ತೋಪಿನ ಪಕ್ಕದ ಮನೆಯವರು ಷಾ ಎನಿಸಿಕೊಂಡರು. ನೆಹರೂ ಮನೆತನದ ಹೆಸರೂ ಈ ಜಾತಿಯದೇ: ದಿಲ್ಲಿಯಲ್ಲಿ ನಹರ್, ಅಂದರೆ ಕಾಲುವೆಯ ದಡದಲ್ಲಿ ಪೂರ್ವಜರ ಮನೆಯಿದ್ದುದರಿಂದ ಆ ಹೆಸರು ಬಂತೆಂದು ಜವಾಹರಲಾಲ್ ನೆಹರೂ ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ.

ಆದರೆ ಈ ಅರ್ಥವನ್ನು ಗುಣವಾಚಕದೊಳಗೆ ತುರುಕಬಾರದು. ಷೇವಿಯನ್ ಎಂದರೆ ಕಾಡಿನಂಥದ್ದಲ್ಲ, ನೆಹರೂವಿಯನ್ ನೀತಿಯಲ್ಲಿ ಕಾಲುವೆಯ ನೀರಿಲ್ಲ. ಕಾಫ್ಕಾ ಎಂಬುದಕ್ಕೆ ಮೂಲವಾದ ಚೆಕ್ ಪದಕ್ಕೆ ಕಾಗೆಯ ಜಾತಿಯ ಒಂದು ಹಕ್ಕಿಯೆಂಬ ಅರ್ಥವಿದೆ. ಪ್ರಾಗ್ ನಗರದಲ್ಲಿ ಲೇಖಕರ ತಂದೆಯ ಅಂಗಡಿಯ ಲಾಂಛನವೂ ಅದೇ ಹಕ್ಕಿಯಾಗಿತ್ತು. ಹಾಗೆಂದು ಕಾಫ್ಕಾಎಸ್ಕ್ ಕಚೇರಿಯೆಂದರೆ ಕಾಗೆ ಕೂತ ಕಚೇರಿಯಲ್ಲ. ಗುಣವಾಚಕಕ್ಕೆ ಅರ್ಥ ತುಂಬುವುದು ಆ ಹೆಸರಿನ ಮನುಷ್ಯ ಮಾಡಿದ ಕೆಲಸ, ಹೆಸರಿನ ಮೂಲಾರ್ಥವಲ್ಲ.

ಕೊನೆಯ ಹೆಜ್ಜೆ: ಅರ್ಥವನ್ನು ಗುರುತಿಸಿ ಕನ್ನಡಕ್ಕೆ ತರುವುದು

ಷೇವಿಯನ್ ಎಂಬುದಕ್ಕೆ ಷಾ ಅವರಿಗೆ ಸಂಬಂಧಿಸಿದ ಎಂಬ ಸರಳ ಅರ್ಥವಿದೆ. ಷಾ ಅವರ ಅಭಿಮಾನಿ ಎಂಬ ನಾಮಪದದ ಅರ್ಥವಿದೆ. ಒಪ್ಪಿತ ಮಾತನ್ನು ತಲೆಕೆಳಗು ಮಾಡಿ ವಾದಕ್ಕೆಳೆಯುವ ಚುರುಕು ಹಾಸ್ಯದ ಎಂಬ ವಿಶಿಷ್ಟ ಅರ್ಥವೂ ಇದೆ. ಇವುಗಳ ಜೊತೆಗೆ ತೀರ ಬೇರೆಯೇ ಆದ ಇನ್ನೊಂದಿದೆ, ಅದು ಷೇವಿಯನ್ ಲಿಪಿ. ಇಂಗ್ಲಿಷ್ ಕಾಗುಣಿತದ ಅವ್ಯವಸ್ಥೆಯ ಮೇಲೆ ಜೀವನವಿಡೀ ಕಿಡಿಕಾರಿದ ಷಾ, ಕನಿಷ್ಠ 40 ಅಕ್ಷರಗಳಿರುವ, ನುಡಿದಂತೆ ಬರೆಯಬಹುದಾದ ಹೊಸ ವರ್ಣಮಾಲೆಗಾಗಿ ಉಯಿಲಿನಲ್ಲಿ ಹಣ ಬಿಟ್ಟರು. ನ್ಯಾಯಾಲಯದ ತಕರಾರು ಮುಗಿದ ಮೇಲೆ ನಡೆದ ಸ್ಪರ್ಧೆಗೆ 467 ಮಾದರಿಗಳು ಬಂದವು. ಕಿಂಗ್‌ಸ್ಲಿ ರೀಡ್ ರೂಪಿಸಿದ ಲಿಪಿ ಆಯ್ಕೆಯಾಗಿ, 1962ರಲ್ಲಿ ಷಾ ಅವರ 'ಆಂಡ್ರಕ್ಲಿಸ್ ಅಂಡ್ ದ ಲಯನ್' ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. 2003ರಲ್ಲಿ ಯುನಿಕೋಡ್ ಕೂಡ ಅದಕ್ಕೆ ಜಾಗ ಕೊಟ್ಟಿತು. ನುಡಿದಂತೆ ಬರೆಯುವ ಭಾಗ್ಯವನ್ನು ಹುಟ್ಟಿನಿಂದಲೇ ಪಡೆದ ನಮಗೆ ಷಾ ಅವರ ಸಂಕಟ ಸ್ವಲ್ಪ ತಡವಾಗಿ ಅರ್ಥವಾಗುತ್ತದೆ. ಅದಿರಲಿ, ವಾಕ್ಯದಲ್ಲಿ ಷೇವಿಯನ್ ಕಂಡಾಗ ಈ ಅರ್ಥಗಳಲ್ಲಿ ಯಾವುದೆಂದು ನಿರ್ಧರಿಸದೆ ಅನುವಾದಕ್ಕೆ ಇಳಿಯಬಾರದು.

ಕನ್ನಡದಲ್ಲಿ ಬರೆಯುವಾಗ ಲಿಪಿಯ ಹೆಸರನ್ನು ಷೇವಿಯನ್ ಎಂದೇ ಉಳಿಸಿಕೊಳ್ಳಬೇಕು, ಏಕೆಂದರೆ ಅದು ಅಂಕಿತನಾಮ. ಆಗ ಬರ್ನಾರ್ಡ್ ಷಾ ಎಂದು ನಮ್ಮಲ್ಲಿ ರೂಢಿಯಾಗಿರುವ ಷಕಾರವನ್ನೇ ಎರಡು ಕಡೆಯೂ ಬಳಸಿದರೆ ಹೆಸರಿಗೂ ಗುಣವಾಚಕಕ್ಕೂ ಇರುವ ನಂಟು ಕಣ್ಣಿಗೆ ಕಾಣುತ್ತದೆ. ಪಾಣಿನೀಯ ಎಂಬುದರ ಮಾದರಿಯಲ್ಲಿ ಷಾವೀಯ ಎಂದು ಕಟ್ಟುವ ಆಸೆ ನನಗೂ ಆಗಿದ್ದುಂಟು, ಆದರೆ ವಿವರಣೆಯಿಲ್ಲದೆ ಯಾರಿಗೂ ತಿಳಿಯದ ಪದವನ್ನು ಓದುಗರ ಮುಂದಿಡುವುದು ಸರಿಯೆನಿಸಲಿಲ್ಲ. ಉಳಿದ ಕಡೆ ವ್ಯಕ್ತಿಯ ಹೆಸರನ್ನು ಬಿಡಿಸಿ ಬರೆಯುವುದೇ ಲೇಸು. ಅಂದು ಪೆನ್ಸಿಲ್ ಗೆರೆ ಬಿದ್ದ ಆ ಸಾಲನ್ನು ನಾನು ತಿದ್ದಿ ಕಳಿಸಿದ್ದು ಹೀಗೆ: 'ಬರ್ನಾರ್ಡ್ ಷಾ ಅವರ ಧಾಟಿಯ ಕೊಂಕು ಹಾಸ್ಯ'. ಈ ಬಾರಿ ಅಂಚು ಖಾಲಿಯಾಗಿ ಬಂತು.